ವಾಸನೆಯಿಲ್ಲದ ಹೂವು

ಎಲೆಗೆ ಯಾರ ತಕರಾರೂ ಇರುವುದಿಲ್ಲ ಎಂದುಕೊಳ್ಳುತ್ತ ವಸುಧಾಬಾಯಿ ಇನ್ನೊಂದು ಕುಂಡವನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಳು. ಹಸಿರಿನ ಮೇಲೆ ಅರಿಶಿನ ಚೆಲ್ಲಿದಂಥ ಎಲೆ. ಅದರ ಹೆಸರನ್ನು ನರ್ಸರಿಯ ಉಮರ ಎರಡು ಸಲ ಹೇಳಿದ್ದ, ಎರಡು ಸಲವೂ ಅದು ಅವಳ ಕಿವಿಯಲ್ಲಿ ನಿಲ್ಲದೆ ಹೋಗಿತ್ತು. ರೋಣದ ಹೊರಗೆ, ರಸ್ತೆಯ ಬದಿಯಲ್ಲಿ ಹಸಿರು ಬಲೆ ಕಟ್ಟಿದ ಈ ನರ್ಸರಿಗೆ ಸೊಸೆ ದೀಪಶ್ರೀ ಅವಳನ್ನು ಕರೆತಂದು ಒಂದು ತಾಸಾಗಿತ್ತು. ಬಲೆಯ ಕೆಳಗೆ ಎಲ್ಲರ ಮುಖವೂ ತುಸು ಹಸಿರಾಗಿ, ನೀರಿನೊಳಗೆ ನಿಂತವರ ಹಾಗೆ ಕಾಣುತ್ತಿತ್ತು. ಗಜೇಂದ್ರಗಡದ ಹೊಸ ಮನೆಯ ಮುಂದೆ, ಗೇಟಿನಿಂದ ಮೆಟ್ಟಿಲವರೆಗೆ, ಹದಿನೈದು ಅಡಿ ಜಾಗ ವರ್ಷದಿಂದ ಬರಿದೇ ಬಿದ್ದಿತ್ತು. ಗೌಂಡಿಗಳು ಬಿಟ್ಟುಹೋದ ಉಸುಕು, ಒಡೆದ ಟೈಲ್ಸಿನ ಚೂರು, ಮಳೆಗಾಲದಲ್ಲಿ ತಾನಾಗಿ ಎದ್ದು ತಾನಾಗಿ ಒಣಗಿದ ಹುಲ್ಲು. "ಅಲ್ಲೆ ಯಾರೂ ಕೈ ಹಚ್ಚಬ್ಯಾಡ್ರಿ, ಗಿಡಾ ನಾನ ಹಚ್ಚತೇನಿ," ಎಂದು ಆ ಜಾಗವನ್ನು ತಮ್ಮದಾಗಿ ಮಾಡಿಕೊಂಡಿದ್ದ ಅವಳ ಗಂಡ ರಘೂತ್ತಮರಾಯರು, ಚೈತ್ರದ ಒಂದು ಮುಂಜಾನೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಆ ಬರಿ ನೆಲವನ್ನೇ ನೋಡುತ್ತ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು ಹಿಂದಕ್ಕೆ ಒರಗಿದವರು ಮತ್ತೆ ಏಳಲಿಲ್ಲ. ಕುರ್ಚಿ ಇನ್ನೂ ಅಲ್ಲೇ ಇತ್ತು. ಯಾರೂ ಅದನ್ನು ಒಳಗೆ ಎತ್ತಿಡಲಿಲ್ಲ, ಯಾರೂ ಅದರಲ್ಲಿ ಕೂಡಲಿಲ್ಲ. ಎಂಟು ತಿಂಗಳು ಕಳೆದ ಮೇಲೆ, ಮೊನ್ನೆ, ದೀಪಶ್ರೀ ಅಂದಿದ್ದಳು: ಜಾಗ ಹೀಗೆ ಬಿಟ್ಟರೆ ಅದನ್ನು ನೋಡುವ ಮನಸ್ಸೂ ಹೀಗೇ ಉಳಿಯುತ್ತದೆ, ನೀವೇ ಬಂದು ಆರಿಸಿರಿ. ವಸುಧಾಬಾಯಿ ಹೂಂ ಅಂದಿದ್ದಳು. ಬಂದು ನಿಂತ ಮೇಲೆ ಮಾತ್ರ ಕೈ ಎಲೆಯ ಕಡೆಗೇ ಹೋಗುತ್ತಿತ್ತು.

"ಅತ್ಯಾ, ಸ್ವಲ್ಪ ನೋಡ್ರಿಲ್ಲೆ, ನೀವು ತಗದಿಟ್ಟದ್ದೆಲ್ಲಾ ಬರೇ ಎಲಿ," ಎಂದು ದೀಪಶ್ರೀ ನಕ್ಕಳು. "ಮನಿ ಮುಂದ ಕಾಯಿಪಲ್ಲೆ ಅಂಗಡಿ ಇಟ್ಟಂಗ ಆಗ್ತದ."

"ಹೂವಿಗೆ ನೀ ಇದ್ದೀಯಲ್ಲ."

"ನನಗ ಬಣ್ಣಾ ಬೇಕ್ರಿ. ಗೇಟ್ ತಗದ ಕೂಡ್ಲೆ ಕಣ್ಣಿಗೆ ಹೊಡೀಬೇಕು." ದೀಪಶ್ರೀ ಫೋನಿನಲ್ಲಿ ಯಾರದೋ ಮನೆಯ ಮುಂದಿನ ಹೂಗಳ ಚಿತ್ರವನ್ನು ಉಮರನ ಮೂಗಿನ ತನಕ ಒಯ್ದಳು. "ಇಂಥಾದು. ಕೆಂಪು, ಹಳದಿ, ನಡುವ ಈ ನೇರಳಿ."

ಉಮರ ಚಿತ್ರವನ್ನು ನೋಡಲಿಲ್ಲ. "ಬಾಗಲಾ ಯಾವ ಕಡೆ ಐತ್ರಿ ಅಕ್ಕಾರ?"

"ಪಶ್ಚಿಮಕ್ಕ."

"ಮಣ್ಣು? ಎರಿಯೋ ಮಸಾರಿಯೋ?"

"ಕರಿ ಮಣ್ಣರೀ."

"ಹಂಗಾರ ಫೋಟೋ ಒಳಗ ಇಡ್ರಿ. ಎರಿ ಬ್ಯಾಸಗ್ಯಾಗ ಬಿರೀತೈತಿ, ಬೇರ ಹರಕೊಂಡ ಹೋಗ್ತಾವ. ಮದಲ ಎರಡ ಫೂಟ ತಗ್ಗ ತಗದು ಕೆಂಪ ಮಸಾರಿ ತುಂಬಸ್ರಿ. ಆಮ್ಯಾಲ ಬಣ್ಣದ ಮಾತಾಡೂಣು. ಅಜ್ಜಿ ಆರಿಸ್ಯಾರಲ್ಲ, ಅವು ತಡೀತಾವ. ಎಲಿ ಮಂದಿಗೆ ಹಟ ಜಾಸ್ತಿ."

ಎಲೆ ಮಂದಿ. ವಸುಧಾಬಾಯಿಗೆ ನಗು ಬರಲಿಲ್ಲ. ಹಳೆಯ ರೋಣದ ಮನೆಯ ಹಿತ್ತಲಲ್ಲಿ, ಘಾಸಲೇಟ ಎಣ್ಣೆಯ ಖಾಲಿ ಡಬ್ಬಿಗಳಲ್ಲಿ ಸಾಲಾಗಿ ನಿಂತಿದ್ದ ಎಲೆಗಳು ಅವಳ ಕಣ್ಣ ಮುಂದೆ ಬಂದವು. ಮರುಗ, ದವನ, ತುಳಸಿ, ಪತ್ರೆ, ಯಾರ ಮನೆಯಿಂದಲೋ ಟೊಂಗೆ ತಂದು ಚುಚ್ಚಿದ ಬಣ್ಣದೆಲೆಯ ಗಿಡಗಳು. ಅವು ಭಾಗಕ್ಕನವು. ಭಾಗೀರಥಿಬಾಯಿ, ರಘೂತ್ತಮರಾಯರ ಅಕ್ಕ, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆದರೆ ಮೊದಲು ಅಲ್ಲಿ ಎಲೆಗಳಿರಲಿಲ್ಲ, ಹೂವಿದ್ದವು. ಶ್ಯಾವಂತಿಗೆ, ದುಂಡುಮಲ್ಲಿಗೆ, ಬಾವಿಯ ಕಟ್ಟೆಯ ಉದ್ದಕ್ಕೂ ಒಂದೇ ಸಮ ಅಬ್ಬಲಿಗೆ, ಬೇರೆ ಕಡೆಯವರ ಕನಕಾಂಬರ. ಮದುವೆಯಾಗಿ ಬಂದ ಹೊಸದರಲ್ಲಿ ಹದಿನೆಂಟರ ವಸುಧಾ ಬೆಳಿಗ್ಗೆ ಎದ್ದು ಹೊರಗೆ ಬರುವಷ್ಟರಲ್ಲಿ ಭಾಗಕ್ಕ ಹಿತ್ತಾಳೆಯ ತಾಟಿನಲ್ಲಿ ಹೂ ಹಾಕಿಕೊಂಡು, ನೆನೆಸಿದ ಬಾಳೆಯ ನಾರನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಕಟ್ಟುತ್ತ ಕೂತಿರುತ್ತಿದ್ದಳು. ಎರಡು ಈ ಕಡೆ, ಎರಡು ಆ ಕಡೆ, ಒಂದು ಗಂಟು. ದೇವರಿಗೆ ಒಂದು ಮಾಲೆ, ತನ್ನ ಅವ್ವನಿಗೆ ಒಂದು, ವಸುಧಾಗೆ ಒಂದು. "ಹೊಳ್ಳು," ಎನ್ನುತ್ತಿದ್ದಳು. ವಸುಧಾ ಬೆನ್ನು ಮಾಡಿ ಕೂಡಬೇಕು. ಹೆರಳಿನಲ್ಲಿ ಆ ಒದ್ದೆ ಬೆರಳುಗಳು ಒಂದು ಗಳಿಗೆ ಆಡಿ ಬಿಟ್ಟುಬಿಡುತ್ತಿದ್ದವು. ಕಟ್ಟಿದವಳ ತಲೆ ಬೋಳಾಗಿರಲಿಲ್ಲ, ಅವಳಪ್ಪ ಹಟ ಹಿಡಿದು ಕೂದಲು ಉಳಿಸಿದ್ದರು. ಕೂದಲು ಉಳಿಯಿತು, ಹೂವು ಉಳಿಯಲಿಲ್ಲ. ಅದರಲ್ಲಿ ಮನೆಯ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ. ವಸುಧಾಗೂ ಕಾಣುತ್ತಿರಲಿಲ್ಲ. ಅಡಿಗೆಯವರು ಎಲ್ಲರಿಗಿಂತ ಕಡೆಗೆ ಉಣ್ಣುವ ಹಾಗೆ ಅದೂ ಒಂದು ಎಂದುಕೊಂಡಿದ್ದಳು.

ಕಾಣಿಸಿದ್ದು ಈಗ, ಮೂರು ತಿಂಗಳ ಹಿಂದೆ. ದೀಪಶ್ರೀ ಸಂತೆಯಿಂದ ಮಲ್ಲಿಗೆ ತಂದು, ಯಾವಾಗಿನ ರೂಢಿಯಂತೆ ಮೊಳವನ್ನು ಹಲ್ಲಿನಿಂದ ಎರಡಾಗಿ ಕಡಿದು, ಅರ್ಧವನ್ನು "ತಗೋರಿ ಅತ್ಯಾ" ಎಂದು ಮುಂದೆ ಚಾಚಿದಳು. ಚಾಚಿದ ಕೈ ಗಾಳಿಯಲ್ಲಿಯೇ ನಿಂತಿತು. ಅವಳೇ, ರಾಯರು ಹೋದ ಹತ್ತನೆಯ ದಿನ, ಕುಂಕುಮ ಬಳೆ ಯಾವುದೂ ಬಿಡಬೇಕಾಗಿಲ್ಲ ಅತ್ಯಾ, ಈಗ ಯಾರೂ ಹಾಗೆ ಮಾಡುವುದಿಲ್ಲ ಎಂದು ಅತ್ತವಳು. ಬಿಟ್ಟದ್ದು ವಸುಧಾಬಾಯಿಯೇ, ಯಾರೂ ಹೇಳದೆ. ಆದರೂ ಆ ಕೈ ನಿಂತಿತು, ಮತ್ತು ವಸುಧಾಬಾಯಿಯ ಕುತ್ತಿಗೆ, ಅವಳು ಬೇಕೆಂದು ಮಾಡದೆಯೇ, ಹಿಂದಕ್ಕೆ ಸರಿಯಿತು. ದೀಪಶ್ರೀ ಆ ಅರ್ಧವನ್ನು ದೇವರ ಮುಂದೆ ಇಟ್ಟಳು. ಆ ದಿನದಿಂದ ಮನೆಯಲ್ಲಿ ಮಲ್ಲಿಗೆಯ ವಾಸನೆ ಬಂದಾಗಲೆಲ್ಲ ವಸುಧಾಬಾಯಿಗೆ ಭಾಗಕ್ಕನ ಬೆರಳುಗಳು ನೆನಪಾಗಿ, ಅದರ ಬೆನ್ನಿಗೆ ಇನ್ನೊಂದು ನೆನಪು, ಐವತ್ತು ವರ್ಷ ಕದ ಹಾಕಿಟ್ಟದ್ದು, ಹೊರಗೆ ಬಂದು ನಿಲ್ಲುತ್ತಿತ್ತು.

ಬಲೆಯ ಆ ತುದಿಯಲ್ಲಿ, ನೀರಿನ ಪೈಪಿನ ಹತ್ತಿರ, ಹರಿದ ಕರಿ ಚೀಲಗಳಲ್ಲಿ ಹತ್ತೆಂಟು ಗಿಡ ನಿಂತಿದ್ದವು. ಕಾವಿಗೂ ಕೇಸರಿಗೂ ನಡುವಿನ ಆ ಬಣ್ಣವನ್ನು ಅವಳು ಇಷ್ಟು ದೂರದಿಂದಲೂ ಗುರುತು ಹಿಡಿದಳು.

"ಅಬ್ಬಲಿಗಿರಿ ಅದು," ಎಂದ ಉಮರ. "ಈಗ ಯಾರೂ ಒಯ್ಯಂಗಿಲ್ಲ. ವಾಸನಿ ಇಲ್ಲ, ದೊಡ್ಡ ಹೂವೂ ಅಲ್ಲ. ನಮ್ಮವ್ವ ಮದರಬಿ ಬಿಡಂಗಿಲ್ಲ ಅಂತ ಇಟ್ಟೀನಿ."

"ಒಂದು ಕೊಡಪಾ. ಕುಂಡದಾಗ ಹಾಕಿ ಕೊಡು."

"ಗೇಟಿನ ಹತ್ರ ಹಚ್ಚಲಿಕ್ಕೇನ್ರಿ?" ಎಂದು ದೀಪಶ್ರೀ ಕೇಳಿದಳು. ಒಂದಾದರೂ ಹೂವು ಆರಿಸಿದರಲ್ಲ ಎನ್ನುವ ಸಮಾಧಾನ ಅವಳ ದನಿಯಲ್ಲಿತ್ತು.

"ಅಲ್ಲ. ಭಾಗಕ್ಕಗ. ಹಂಗ ನರಗುಂದಕ್ಕ ಹೋಗಿ ಬರೋಣ."

ದೀಪಶ್ರೀ ಫೋನನ್ನು ಪರ್ಸಿನೊಳಗೆ ಇಟ್ಟಳು. "ಹೋದ್ರ ಬಳಿ ಹಾಕ್ಕೋಬೇಕಾಗ್ತದಲ್ಲರೀ ಅತ್ಯಾ," ಎಂದಳು ಆಮೇಲೆ, ಮೆಲ್ಲಗೆ.

"ಗೊತ್ತದ."

ಭಾಗಕ್ಕನಿಗೆ ತಮ್ಮ ಸತ್ತದ್ದು ಗೊತ್ತಿರಲಿಲ್ಲ. ಎಂಬತ್ತರ ಜೀವ, ಕಣ್ಣು ಹೆಚ್ಚುಕಡಿಮೆ ಹೋಗಿದ್ದವು, ಎದೆಯ ಬಡಿತ ನಂಬುವಂತಿಲ್ಲವೆಂದು ದವಾಖಾನೆಯಲ್ಲಿ ಹೇಳಿದ್ದರು. ಆರು ವರ್ಷದಿಂದ ಅವಳನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತಿದ್ದ ನರಗುಂದದ ಶ್ರೀನಿವಾಸ, ಅವಳಿಗೆ ದೂರದ ಸಂಬಂಧದಲ್ಲಿ ಅಣ್ಣನ ಮಗನಾಗಬೇಕು, ಚೈತ್ರದಲ್ಲಿ ಸುದ್ದಿ ಕೇಳಿ ಒಬ್ಬನೇ ಬಂದು, ಸ್ನಾನ ಮುಗಿಸಿ ಹೊರಡುವ ಮುಂದೆ ಎಲ್ಲರನ್ನೂ ಕೂಡಿಸಿ ಹೇಳಿದ್ದ: "ಆಕಿಗೆ ಹೇಳೂದು ಬ್ಯಾಡ. ಕಿವಿಗೆ ಬೀಳೋತನಾ ಸೂತಕಾ ಇಲ್ಲ. ಇರೋಷ್ಟು ದಿನಾ ಇರಲಿ." ಎಲ್ಲರೂ ಒಪ್ಪಿದರು. ಕೇಳದವರಿಗೆ ಸಾವೇ ಆಗಿರುವುದಿಲ್ಲ, ಶಾಸ್ತ್ರವೂ ಅದನ್ನೇ ಹೇಳುತ್ತದೆ. ಹಾಗಾಗಿ ನರಗುಂದದ ಆ ಒಂದು ಕೋಣೆಯೊಳಗೆ ರಘೂತ್ತಮರಾಯರು ಇನ್ನೂ ಬದುಕಿದ್ದರು. ಅವರಿಗೆ ಮೊಣಕಾಲು ನೋವು, ಪ್ರಯಾಣ ಆಗುವುದಿಲ್ಲ, ಕಿವಿಯೂ ಮಂದ, ಫೋನಿನಲ್ಲಿ ಕೇಳುವುದಿಲ್ಲ. ವಾರಕ್ಕೊಮ್ಮೆ ಭಾಗಕ್ಕ ಫೋನಿನಲ್ಲಿ ಕೇಳುವಳು, ವಾರಕ್ಕೊಮ್ಮೆ ವಸುಧಾಬಾಯಿ ಒಂದೊಂದು ಹೊಸ ಬೇನೆಯನ್ನು ಗಂಡನ ಮೈಗೆ ಹಚ್ಚುವಳು. ಎದುರಿಗೆ ಹೋಗಲು ಮಾತ್ರ ಎಂಟು ತಿಂಗಳೂ ಧೈರ್ಯ ಬಂದಿರಲಿಲ್ಲ.

ದೀಪಶ್ರೀ ಕಾರು ಹೊರಡಿಸಿದಾಗ ಕುಂಡವನ್ನು ವಸುಧಾಬಾಯಿ ಎರಡು ಪಾದಗಳ ನಡುವೆ ಇಟ್ಟುಕೊಂಡಳು. ಎರಡೂ ಕಡೆ ಕಡಲೆಯ ಹೊಲ ಹಸಿರಾಗಿತ್ತು, ಹತ್ತಿ ಒಡೆದಿತ್ತು. ಹೇಳಿಬಿಡಬೇಕು ಎಂದುಕೊಂಡಳು. ಹೇಳದೆ ಉಳಿದದ್ದು ಎರಡಿದ್ದವು. ಗಂಡನ ಸಾವನ್ನು ಹೇಳುವ ಹಾಗಿಲ್ಲ, ಅದು ತನ್ನೊಬ್ಬಳ ಕೈಯಲ್ಲಿಲ್ಲ. ಇನ್ನೊಂದು ತನ್ನದೇ. ಅದನ್ನಾದರೂ ಭಾಗಕ್ಕನ ಕಾಲ ಬಳಿ ಇಟ್ಟು ಬರಬೇಕು, ಇಬ್ಬರಲ್ಲಿ ಒಬ್ಬರು ಹೋಗುವುದರೊಳಗೆ.

ಅದು ಶ್ರಾವಣ. ಮದುವೆಯಾಗಿ ಮೂರು ತಿಂಗಳು. ಮಧ್ಯಾಹ್ನ ಒಣಗಿದ ಅರಿವೆ ತೆಗೆಯಲು ಹಿತ್ತಲ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ದನಕ್ಕೆ ನೀರು ತುಂಬುವ ಕಲ್ಲಿನ ಡೋಣಿಯ ಮೇಲೆ ಭಾಗಕ್ಕ ಬಗ್ಗಿದ್ದಳು. ಅವಳ ತುರುಬಿನ ಗಂಟಿನಲ್ಲಿ ಒಂದು ಗೇಣು ಅಬ್ಬಲಿಗೆ. ನೀರಿನಲ್ಲಿ ತನ್ನ ಮುಖವನ್ನು ಅವಳು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಹಲ್ಲು ನೋಯುವವರು ನೋಡಿಕೊಳ್ಳುವ ಹಾಗೆ, ಬಹಳ ಗಂಭೀರವಾಗಿ. ವಸುಧಾಗೆ ಸಿಟ್ಟು ಬರಲಿಲ್ಲ, ಕೆಡುಕೂ ಅನಿಸಲಿಲ್ಲ. ನಗು ಬಂತು. ಸೆರಗು ಬಾಯಿಗೆ ಒತ್ತಿ ಹಿಂದೆ ಸರಿದಳು. ಅಷ್ಟೇ ಆಗಿದ್ದರೆ ಅಷ್ಟೇ ಆಗುತ್ತಿತ್ತು. ಆ ಸಂಜೆ ಅತ್ತೆಯ ಎದುರು ಕೂತು ಅಕ್ಕಿ ಆರಿಸುತ್ತಿದ್ದಳು. ಮೂರು ತಿಂಗಳಲ್ಲಿ ಆ ಮುಖ ಅವಳ ಕಡೆ ಒಮ್ಮೆಯೂ ನಕ್ಕಿರಲಿಲ್ಲ. ಸಾರು ತಿಳಿ, ರಂಗೋಲಿ ಡೊಂಕು, ನಿಮ್ಮೂರ ಕಡೆ ಹೀಗೇ ಏನು. ಆ ಮುಖವನ್ನು ಒಮ್ಮೆ ನಗಿಸಬೇಕೆಂಬ ಆಸೆ ಅವಳಿಗೆ ಹಸಿವಿನ ಹಾಗೆ ಹತ್ತಿತ್ತು. ಕೈಯಲ್ಲಿದ್ದ ಮಾತು ಅದೊಂದೇ. ಹೇಳಿದಳು, ಡೋಣಿಯ ಮೇಲೆ ಬಗ್ಗುವುದನ್ನೂ ಮುಖ ತಿರುಗಿಸುವುದನ್ನೂ ಮಾಡಿ ತೋರಿಸಿದಳು. ಅತ್ತೆ ನಕ್ಕರು. ಮೊದಲ ಸಲ ನಕ್ಕರು. ಆ ರಾತ್ರಿ ವಸುಧಾ ಸುಖವಾಗಿ ನಿದ್ದೆ ಮಾಡಿದಳು. ಇಷ್ಟು ವರ್ಷವಾದ ಮೇಲೂ ಅವಳಿಂದ ನುಂಗಲಾಗದ್ದು ಇದು, ಆ ನಿದ್ದೆ.

ಮರುದಿನ ಬೆಳಿಗ್ಗೆ ಅತ್ತೆ ಮಗಳಿಗೆ ಏನೂ ಅನ್ನಲಿಲ್ಲ. ಕೆಲಸದ ಕಲ್ಲವ್ವನನ್ನು ಕರೆದು, "ಹಿತ್ತಲಾ ಭಾಳ ಬೆಳದದ, ಸ್ವಚ್ಛ ಮಾಡು," ಎಂದರು, ಅಷ್ಟೇ. ಬಾವಿ ಕಟ್ಟೆಯ ಉದ್ದಕ್ಕೂ ಅಬ್ಬಲಿಗೆ ಬೇರು ಸಮೇತ ಮೇಲೆ ಬಂತು, ಶ್ಯಾವಂತಿಗೆ ಬಂತು, ಮಲ್ಲಿಗೆ ಬಂತು. ಭಾಗಕ್ಕ ನೀರು ಸೇದುತ್ತಿದ್ದಳು. ಹಗ್ಗ ನಿಲ್ಲಲಿಲ್ಲ. ಒಂದು ಕೊಡ, ಇನ್ನೊಂದು ಕೊಡ, ತುಂಬಿದ ಹಂಡೆಗೇ ಮತ್ತೆ ಸುರಿಯುತ್ತಿದ್ದಳು, ನೀರು ಹೊರಗೆ ಚೆಲ್ಲಿ ಹರಿಯುತ್ತಿತ್ತು. "ಬುಟ್ಟಿ ತಿಪ್ಪಿಗೆ ಚೆಲ್ಲಿ ಬಾ," ಎಂದು ಅತ್ತೆ ವಸುಧಾಗೆ ಹೇಳಿದರು. ಬುಟ್ಟಿಯನ್ನು ಟೊಂಕಕ್ಕೆ ಇಟ್ಟು ಅವಳು ಭಾಗಕ್ಕನ ಮುಂದೆಯೇ ಹಾದು ಹೋದಳು. ರಾತ್ರಿಯ ಮಳೆಹನಿಗೆ ನೆನೆದ ಒಣಗಾಯಿಗಳು ಬುಟ್ಟಿಯೊಳಗೇ ಚಟ್ ಚಟ್ ಎಂದು ಸಿಡಿದು ಬೀಜ ಅವಳ ಕೈಗೆ ತಗಲುತ್ತಿದ್ದವು. ಮುಂದಿನ ಮಳೆಗೆ ಬಾವಿಯ ಕಲ್ಲುಸಂದಿಯಲ್ಲಿ ಸಣ್ಣ ಸಣ್ಣ ಸಸಿ ಎದ್ದವು. ಅವನ್ನು ಕಿತ್ತದ್ದು ಭಾಗಕ್ಕನೇ. ಕಳೆ ಕೀಳುವ ಹಾಗೆ, ಒಂದೊಂದಾಗಿ. ಆಮೇಲೆ ಅವಳು ಹಚ್ಚಿದ್ದೆಲ್ಲ ಎಲೆ. ಸಂತೆಯ ಹೂ ತರಿಸಿ ವಸುಧಾಗೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಹೊಳ್ಳು ಎನ್ನುವುದನ್ನೂ ಬಿಡಲಿಲ್ಲ. ವಸುಧಾ ಪ್ರತಿ ದಿನ ಬೆನ್ನು ಮಾಡಿ ಕೂತಳು, ಮುಖ ಕೊಡುವುದು ತಪ್ಪಿತಲ್ಲ ಎಂದು.

ನರಗುಂದದ ಮನೆಯ ಬಾಗಿಲಲ್ಲೇ ಶ್ರೀನಿವಾಸನ ಹೆಂಡತಿ ಹಸಿರು ಬಳೆ ಹಿಡಿದು ನಿಂತಿದ್ದಳು. ದಾರಿಯಿಂದ ದೀಪಶ್ರೀ ಫೋನು ಮಾಡಿ ಹೇಳಿದ್ದಳು. "ನಮ್ಮವರು ಪ್ಯಾಟಿಗೆ ಹೋಗ್ಯಾರ. ಕೈ ಕೊಡ್ರಿ ಮಾಮಿ," ಎಂದು ಪಿಸುಮಾತಿನಲ್ಲಿ ಅಂದಳು. "ಭಾಗಕ್ಕಾರು ನಿಮ್ಮ ಧ್ವನಿಗಿಂತಾ ಮದಲ ಬಳಿ ಕೇಳ್ತಾರ." ವಸುಧಾಬಾಯಿಯ ಬೆರಳಗಂಟು ದಪ್ಪವಾಗಿದ್ದವು. ಬಚ್ಚಲಲ್ಲಿ ಸಾಬೂನು ಹಚ್ಚಿ ಒಂದೊಂದಾಗಿ ಏರಿಸಬೇಕಾಯಿತು. ಮೂರನೆಯದು ಗಂಟಿನ ಮೇಲೆ ಬಂದು ಪಟ್ಟೆಂದಿತು. "ಹೆಚ್ಚಿತು," ಎಂದಳು ಶ್ರೀನಿವಾಸನ ಹೆಂಡತಿ, ಮುತ್ತೈದೆಯರ ಬಳೆ ಒಡೆದಾಗ ಅನ್ನುವ ಹಾಗೆ, ರೂಢಿಯ ಮೇಲೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ವಸುಧಾಬಾಯಿ ಏನೂ ಕೇಳದವರ ಹಾಗೆ, ಗಾಜು ಕೊಯ್ದು ಬಂದ ರಕ್ತ ತೊಳೆದುಕೊಂಡಳು. ಈ ಕೈ ಯಾರದು ಎಂದು ಒಂದು ಗಳಿಗೆ ಅನಿಸಿತು. ದೀಪಶ್ರೀಯನ್ನು ಚಹಾಕ್ಕೆ ಅಡಿಗೆಮನೆಗೆ ಬಿಟ್ಟು, ಕುಂಡ ಎತ್ತಿಕೊಂಡು ಒಬ್ಬಳೇ ಒಳಗೆ ಹೋದಳು.

ಕೋಣೆಗೆ ಒಂದೇ ಬಾಗಿಲು. ಮಂಚದ ಮೇಲೆ ಭಾಗಕ್ಕ ಗೋಡೆಗೆ ಆತು ಕೂತಿದ್ದಳು, ಮೊದಲಿನ ಅರ್ಧದಷ್ಟಾಗಿದ್ದಳು.

"ಯಾರು, ವಸುಧಾ ಏನು? ಬಳಿ ಹೊಸಾವು."

"ಹೂಂ ಅಕ್ಕಾ, ನಾನ."

"ಎಂಟು ತಿಂಗಳಾತು ನೋಡು. ರಘೂತ್ತಮರಾಯರ ಮೊಣಕಾಲು ನಿನ್ನನ್ನೂ ಕಟ್ಟಿ ಹಾಕ್ಯಾವೇನು?"

"ಹಂಗೇನಿಲ್ಲಕ್ಕಾ. ಬರಬೇಕಂತ ಅಂದಕೊಂಡು..."

"ಅಂದಕೊಂಡವರು ಭಾಳ ಮಂದಿ. ಕೂಡು. ಏನ ತಂದಿ? ಮಣ್ಣಿನ ವಾಸನಿ ಬರ್ತದ."

ವಸುಧಾಬಾಯಿ ಕುಂಡವನ್ನು ಮಂಚದ ಮೇಲೆ ಇಟ್ಟು ಆ ಕೈಯನ್ನು ಹಿಡಿದು ಎಲೆಯ ಮೇಲೆ ಇಟ್ಟಳು. ಬೆರಳು ಎಲೆಯ ಬೆನ್ನನ್ನು ತಡವಿತು, ಕಾಂಡ ಹಿಡಿದು ಮೇಲೇರಿತು, ಹೂವಿನ ತೆನೆ ಸಿಕ್ಕ ಕೂಡಲೇ ಸುಟ್ಟವರ ಹಾಗೆ ಹಿಂದೆ ಬಂತು. ತುಸು ಹೊತ್ತಿನ ಮೇಲೆ ತಾನಾಗಿ ಮತ್ತೆ ಹೋಯಿತು.

"ಅಬ್ಬಲಿಗಿ," ಎಂದಳು ಭಾಗಕ್ಕ.

ಹೇಳು, ಈಗ ಹೇಳು ಎಂದು ವಸುಧಾಬಾಯಿ ತನಗೆ ತಾನೇ ಅಂದುಕೊಂಡಳು. ಅಷ್ಟರಲ್ಲಿ ಭಾಗಕ್ಕ ಹೂ ಬಿಡಿಸತೊಡಗಿದ್ದಳು. ಒಂದೊಂದಾಗಿ ಬಿಡಿಸಿ ಮಡಿಲಲ್ಲಿ ಹಾಕಿಕೊಂಡಳು. ಸೀರೆಯ ಅಂಚಿನಿಂದ ಒಂದು ದಾರ ಎಳೆದು, ಕಾಲ ಹೆಬ್ಬೆರಳಿಗೆ ಸಿಕ್ಕಿಸಿದಳು. ಎರಡು ಈ ಕಡೆ, ಎರಡು ಆ ಕಡೆ, ಒಂದು ಗಂಟು. ಕಣ್ಣಿನ ಅಗತ್ಯವೇ ಇರಲಿಲ್ಲ.

"ಇದನ್ನ ನಾನೂ ಒಮ್ಮೆ ಮುಡಕೊಂಡಿದ್ದೆ," ಎಂದಳು, ಅದೇ ದನಿಯಲ್ಲಿ. "ನಿನಗ ಗೊತ್ತಿಲ್ಲ, ನೀ ಆಗ ಹೊಸದಾಗಿ ಬಂದಿದ್ದಿ. ಇದಕ್ಕ ವಾಸನಿ ಇಲ್ಲಲಾ, ಯಾರಿಗೂ ತಿಳಿಯಂಗಿಲ್ಲ ಅಂತ. ಒಂದ ಗಳಿಗಿ. ಹ್ಯಾಂಗ ಕಾಣಸ್ತೇನಿ ಅಂತ ನೋಡಿದೆ. ತಲಿ ಎತ್ತಿದ್ರ ರಘು ಹಿತ್ತಲ ಬಾಗಲದಾಗ ನಿಂತಾನ. ನಡು ಅಂಗಳದ ಬಿಸಲು ಅವನ ಬೆನ್ನಿಗಿತ್ತು, ಮಾರಿ ಕಾಣಲಿಲ್ಲ. ನಕ್ಕ ಅನಸ್ತು. ಒಳಗ ಹೋದ. ಮರದಿನಾ ಅವ್ವ ಎಲ್ಲಾ ಕೀಳಿಸಿದ್ಲು."

ವಸುಧಾಬಾಯಿಯ ಬಳೆಗಳು ಸಪ್ಪಳ ಮಾಡಿದವು. ಅವುಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು.

"ಬ್ಯಾರೆ ಯಾರು ಹೇಳ್ತಾರ? ನೋಡಿದಾಂವ ಅವನ. ಆವತ್ತಿಂದ ರಘು ಅಂತ ಕರಿಯೂದು ಬಿಟ್ಟೆ. ಪೂರಾ ಹೆಸರು. ಐವತ್ತು ವರ್ಷ ರಘೂತ್ತಮ, ರಘೂತ್ತಮರಾಯ. ಯಾಕ ಅಂತ ಒಂದ ದಿನಾ ಕೇಳಲಿಲ್ಲ, ಹೆಡ್ಡ."

ಕೇಳಿದ್ದರು. ತನ್ನನ್ನು ಕೇಳಿದ್ದರು. ಮೊದಲು ಕೆಲವು ವರ್ಷ ಅವರು ಅದನ್ನು ಚೇಷ್ಟೆ ಮಾಡುತ್ತಿದ್ದರು, ನಮ್ಮಕ್ಕ ನನಗ ಬಡ್ತಿ ಕೊಟ್ಟಾಳ, ರಾಯರನ್ನ ಮಾಡ್ಯಾಳ ಎಂದು. ಆಮೇಲೆ ಚೇಷ್ಟೆ ನಿಂತಿತು. ಹೋದ ವರ್ಷ, ಹೊಸ ಮನೆಗೆ ಬಂದ ಹೊಸದರಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತು, ಮುಂದಿನ ಬರಿ ನೆಲದ ಕಡೆ ನೋಡುತ್ತ ಅಂದಿದ್ದರು: "ಭಾಗಕ್ಕಗ ನನ್ನ ಮ್ಯಾಲ ಏನೋ ಅದ. ನಿನಗೇನರೆ ಗೊತ್ತದೇನು?" ಇಲ್ಲ ಎಂದಿದ್ದಳು. ಅದು ಸುಳ್ಳಾಗಿರಲಿಲ್ಲ. ಅವರೂ ಆ ಬಾಗಿಲಿಗೆ ಬಂದಿದ್ದರೆಂದು, ಅವರೂ ನೋಡಿದ್ದರೆಂದು ಅವಳಿಗೆ ಇಂದು, ಈಗ, ತಿಳಿಯುತ್ತಿತ್ತು. ನೋಡಿ ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಐವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರೂ ಅದೊಂದನ್ನೇ ಒಳಗಿಟ್ಟುಕೊಂಡಿದ್ದರು, ಅವರು ಅಕ್ಕನ ಮಾನಕ್ಕಾಗಿ, ಅವಳು ತನ್ನ ಮಾನಕ್ಕಾಗಿ. ದಂಡ ಮಾತ್ರ ಬಾಯಿ ಮುಚ್ಚಿಕೊಂಡವರ ಮೇಲೆ ಬಿದ್ದಿತ್ತು. ಅದನ್ನು ಅವರು ಏನೆಂದು ತಿಳಿಯದೆಯೇ ಪೂರ್ತಿ ತೀರಿಸಿ ಹೋಗಿದ್ದರು.

"ಈಗ ಸಾಕಾಗ್ಯದ ನನಗ," ಎನ್ನುತ್ತಿದ್ದಳು ಭಾಗಕ್ಕ. "ಸಿಟ್ಟು ಹೊತಗೊಂಡ ಹೋಗೂದು ಆಗಂಗಿಲ್ಲ. ಬಿಟ್ಟೇನಿ ಅಂತ ಅವಗ ಹೇಳು. ಇಲ್ಲ, ನೀ ಹೇಳಬ್ಯಾಡ. ಕರಕೊಂಡ ಬಾ, ನಾನ ಹೇಳ್ತೇನಿ."

"ಅಕ್ಕಾ, ಅವರಲ್ಲ," ಎಂದಳು ವಸುಧಾಬಾಯಿ. "ಅವರು ಹೇಳಲಿಲ್ಲ. ನಾನು. ನಾನೂ ನೋಡಿದ್ದೆ. ಅತ್ತಿಯವರ ಮುಂದ ನಾನ ಹೇಳಿದೆ."

ದಾರ ನಿಂತಿತು. ಅಡಿಗೆಮನೆಯಲ್ಲಿ ಯಾರೋ ಬಸಿಯ ಮೇಲೆ ಕಪ್ಪು ಇಟ್ಟ ಸಪ್ಪಳ ಕೇಳಿಸಿತು. ಭಾಗಕ್ಕನ ಮುಖ ವಸುಧಾಬಾಯಿಯ ಕಡೆ ಇರಲಿಲ್ಲ, ದನಿ ಬಂದ ಕಡೆಗಿಂತ ತುಸು ಎಡಕ್ಕೆ, ಯಾರೂ ಇಲ್ಲದ ಕಡೆ ಇತ್ತು.

"ನೀನ?"

"ಹೂಂ."

"ಯಾಕ?"

"ಅವರು ನಗಲಿ ಅಂತ."

ಭಾಗಕ್ಕ ದಾರದ ತುದಿಯನ್ನು ಕೈಬಿಟ್ಟಳು. ಆಮೇಲೆ ಕೇಳಿದಳು, "ನಕ್ಕಳೇನು ಅವ್ವ?"

"ನಕ್ಕರು."

"ನನ್ನ ಮುಂದಂತೂ ಎಂದೂ ನಗಲಿಲ್ಲ ಆಕಿ." ಬೆರಳು ಮತ್ತೆ ಚಲಿಸಿತು. ಎರಡು ಈ ಕಡೆ. "ನಿನಗರೆ ನಕ್ಕಳಲ್ಲ." ಎರಡು ಆ ಕಡೆ. ಗಂಟು ಹಾಕಲು ಮಾತ್ರ ದಾರ ಸಿಗಲೊಲ್ಲದಾಯಿತು, ಕೈ ಗಾಳಿಯಲ್ಲಿ ತಡಕಾಡಿತು. ವಸುಧಾಬಾಯಿ ದಾರದ ತುದಿಯನ್ನು ಹುಡುಕಿ ಆ ಬೆರಳುಗಳ ನಡುವೆ ಇಟ್ಟಳು. "ಹಂಗಾರ ರಘು ಹೇಳಲಿಲ್ಲ."

"ಇಲ್ಲಕ್ಕಾ. ಯಾರ ಮುಂದೂ ಹೇಳಲಿಲ್ಲ."

"ರಘು," ಎಂದಳು ಭಾಗಕ್ಕ ಮತ್ತೊಮ್ಮೆ, ಕೀಲಿ ತಿರುಗುತ್ತದೋ ಇಲ್ಲವೋ ನೋಡುವವರ ಹಾಗೆ. "ರಘು." ಮಾಲೆ ಮುಗಿದಿತ್ತು. ಒಂದು ಗೇಣು. ಹಲ್ಲಿನಿಂದ ದಾರ ಕಡಿದಳು. "ಹೊಳ್ಳು."

"ಅಕ್ಕಾ, ಬ್ಯಾಡ."

"ಹೊಳ್ಳು ಅಂದೆ. ನಿನ್ನ ಮ್ಯಾಲ ಸಿಟ್ಟಾಗಲಿಕ್ಕೆ ನನಗೀಗ ಪುರಸೊತ್ತಿಲ್ಲ. ಆಮ್ಯಾಲ ಆಗ್ತೇನಿ. ಇದನ್ನ ಮುಡಕೊಂಡು ಮನಿಗೆ ಹೋಗು. ರಘು ನೋಡ್ತಾನ. ನೋಡಿದ್ರ ಅವಗ ನೆನಪಾಗ್ತದ. ನಾಳೆ ಕರಕೊಂಡ ಬಾ. ಕಾಲು ನೂಸ್ತಿದ್ರ ಎತ್ತಿಕೊಂಡ ಬರ್ರಿ. ತಪ್ಪು ನಂದಾತು, ಅವನ ಕೈ ಹಿಡದು ಹೇಳಬೇಕು ನಾ."

ವಸುಧಾಬಾಯಿ ಬಾಗಿಲ ಕಡೆ ಮುಖ ಮಾಡಿ, ಬೆನ್ನು ಕೊಟ್ಟು ಕೂತಳು. ಅದೇ ಬೆರಳು, ಒಣಗಿದ್ದವು ಈಗ, ತೆಳ್ಳಗಾದ ಗಂಟಿನಲ್ಲಿ ಜಾಗ ಹುಡುಕಿ ಹೂವನ್ನು ಸುತ್ತಿದವು. ಹೂವಿಗೆ ತೂಕವೇ ಇರಲಿಲ್ಲ. ಆದರೂ ಅವಳ ತಲೆ ಬಾಗಿತು.

"ಕರಕೊಂಡ ಬರ್ತೀಯಲಾ?"

"ಹೂಂ," ಎಂದಳು.

ತಲೆ ಎತ್ತಿದಾಗ ಬಾಗಿಲಲ್ಲಿ ದೀಪಶ್ರೀ ಚಹಾದ ಬಸಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಂಗಳದ ಬಿಸಿಲು ಅವಳ ಬೆನ್ನಿಗಿತ್ತು, ಮುಖ ಕಪ್ಪಗೆ ಇತ್ತು. ಅದರ ಮೇಲೆ ಇದ್ದದ್ದು ನಗುವೋ, ಕನಿಕರವೋ, ಬರೀ ಬೆರಗೋ, ಇಲ್ಲಿಂದ ತಿಳಿಯುವ ಹಾಗೆಯೇ ಇರಲಿಲ್ಲ. ವಸುಧಾಬಾಯಿಯ ಕೈ ಹೂವಿನ ಕಡೆ ಅರ್ಧ ಎದ್ದಿತು. ಹಿಂದಿನಿಂದ ಭಾಗಕ್ಕ, "ಮುಟ್ಟಬ್ಯಾಡ, ಸಡ್ಲ ಆಗ್ತದ," ಎಂದಳು. ಕೈ ಕೆಳಗಿಳಿಯಿತು.

ಹೊರಡುವಾಗ ಬಚ್ಚಲಲ್ಲಿ ಮತ್ತೆ ಸಾಬೂನು ಹಚ್ಚಿ ಬಳೆ ತೆಗೆದು ಶ್ರೀನಿವಾಸನ ಹೆಂಡತಿಯ ಕೈಗೆ ಕೊಟ್ಟಳು. ಹೂವನ್ನು ತೆಗೆಯಲಿಲ್ಲ. ಆ ಹೆಣ್ಣುಮಗಳು ಅದನ್ನು ನೋಡಿ, ನೋಡದವಳ ಹಾಗೆ ಬಳೆಗಳನ್ನು ಒರೆಸುತ್ತ ನಿಂತಳು. ಕಾರು ರೋಣ ದಾಟಿತು. ದೀಪಶ್ರೀಯ ಫೋನು ಎರಡು ಸಲ ಬಡಿದುಕೊಂಡಿತು, ಅವಳ ತಾಯಿಯದು, ದಿನಾ ಈ ಹೊತ್ತಿಗೆ ಬರುವಂಥದು. ವಸುಧಾಬಾಯಿ ಕಿಟಕಿಯ ಹೊರಗೆ ನೋಡುತ್ತ ಕಾದಳು. ಈಗ ಎತ್ತುತ್ತಾಳೆ, ಈಗ ಹೇಳುತ್ತಾಳೆ, ಇವತ್ತ ನಮ್ಮ ಅತ್ಯಾ ಎಂದು ಸುರುಮಾಡುತ್ತಾಳೆ, ಕೆಟ್ಟ ಮನಸ್ಸಿನಿಂದಲ್ಲ, ತಾನು ಹೇಳಿದ್ದೂ ಕೆಟ್ಟ ಮನಸ್ಸಿನಿಂದ ಅಲ್ಲವಲ್ಲ. ದೀಪಶ್ರೀ ಫೋನನ್ನು ಮಗುಚಿ ಇಟ್ಟಳು. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆಯೇ, ತನ್ನ ತಲೆಯಿಂದ ಒಂದು ಪಿನ್ನು ತೆಗೆದು ಕೈ ಚಾಚಿದಳು.

"ಇಳೀಲಿಕ್ಕೆ ಹತ್ತೇದರಿ. ಚುಚ್ಚಿಕೊಳ್ರಿ."

ಈ ಸಲ ಕೈ ನಡುವೆ ನಿಲ್ಲಲಿಲ್ಲ. ವಸುಧಾಬಾಯಿ ಪಿನ್ನನ್ನು ಇಸಿದುಕೊಂಡು ಮುಷ್ಟಿಯಲ್ಲಿ ಹಿಡಿದಳು.

"ನಾಳೆ ಮತ್ತ ನರಗುಂದಕ್ಕ ಬಿಡ್ತೀಯೇನು?"

"ನಾಳೆನ?" ದೀಪಶ್ರೀ ಒಂದು ಗಳಿಗೆ ತಿರುಗಿ ನೋಡಿದಳು. "ಬಳಿ ಅಲ್ಲೇ ಬಿಟ್ಟು ಬಂದ್ರಿ."

"ಬಳಿ ಬ್ಯಾಡ. ನಾಳೆ ಹಿಂಗ ಹೋಗ್ತೇನಿ."

ದೀಪಶ್ರೀಗೆ ತಿಳಿಯಿತು. ಕಾರಿನ ವೇಗ ತಾನಾಗಿ ಕಡಿಮೆಯಾಯಿತು. "ಶ್ರೀನಿವಾಸಣ್ಣ ಸುಮ್ಮನಿರಂಗಿಲ್ರಿ. ಆಕಿ ಜೀವಕ್ಕ ಏನರೆ ಆದ್ರ?"

"ಆಕಿ ದಾರಿ ಕಾಯ್ತಾಳ," ಎಂದಳು ವಸುಧಾಬಾಯಿ. "ಇಷ್ಟು ದಿನಾ ಬ್ಯಾರೆ. ನಾಳೆಯಿಂದ ದಿನಾ ಬಾಗಲಾ ಕಾಯ್ತಾಳ. ಅದನ್ನ ನಾ ನೋಡಲಾರೆ." ತುಸು ತಡೆದು ಅಂದಳು, "ಸಿಟ್ಟು ಆಮ್ಯಾಲ ಆಗ್ತೇನಿ ಅಂದಾಳ. ಎಲ್ಲಾ ಕೂಡೆ ಆಗಲಿ."

ಗಜೇಂದ್ರಗಡದ ಗುಡ್ಡ ಕಾಣುವಷ್ಟರಲ್ಲಿ ಸಂಜೆಯಾಗಿತ್ತು. ದೀಪಶ್ರೀ ಗೇಟು ತೆಗೆದು ಒಳಗೆ ಹೋಗಿ ದೀಪ ಹಚ್ಚಿದಳು. ಒಳಗಿನಿಂದ ಅವಳು ಉಮರನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು, ಮಸಾರಿ ಯಾವಾಗ ಕಳಿಸುತ್ತೀರಿ, ಎಲೆಗಿಡ ಅಜ್ಜಿ ಆರಿಸಿದಷ್ಟೂ ಇರಲಿ, ಆ ಅಬ್ಬಲಿಗೆ ಎಷ್ಟು ಉಳಿದಿವೆ ಅವನ್ನೂ ತನ್ನಿರಿ. ವಸುಧಾಬಾಯಿ ಬರಿ ನೆಲದ ನಡುವೆ ನಿಂತಿದ್ದಳು. ಕಾಲ ಕೆಳಗೆ ಟೈಲ್ಸಿನ ಚೂರು ಕಟಕಟ ಎಂದಿತು. ಪಡುವಣದ ಬಿಸಿಲಿನ ಕೊನೆಯ ತುಣುಕು ಜಗಲಿಯ ತನಕ ಹೋಗಿ ಬೆತ್ತದ ಕುರ್ಚಿಯ ಒಂದು ಕಾಲನ್ನು ಮುಟ್ಟಿತ್ತು. ಕುರ್ಚಿಯ ಹೆಣಿಗೆ ನಡುವೆ ಇನ್ನೂ ತಗ್ಗಾಗಿ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಇತ್ತು. ರಘು ನೋಡುತ್ತಾನೆ ಎಂದು ಭಾಗಕ್ಕ ಹೇಳಿ ಕಳಿಸಿದ್ದಾಳೆ. ಅವಳು ಪಿನ್ನನ್ನು ಹಲ್ಲಿನಿಂದ ಬಿಡಿಸಿ, ಎರಡೂ ಕೈ ಹಿಂದೆ ಒಯ್ದು, ಜಾರುತ್ತಿದ್ದ ಹೂವನ್ನು ಗಂಟಿಗೆ ಬಿಗಿಯಾಗಿ ಚುಚ್ಚಿಕೊಂಡಳು. ಆಮೇಲೆ ಕುರ್ಚಿಗೆ ಕಾಣುವ ಹಾಗೆ ಹೊಳ್ಳಿ, ಗೇಟಿನ ಕಡೆ ಮುಖ ಮಾಡಿ, ಬೆಳಕು ಹೋಗುವವರೆಗೆ ಹಾಗೆಯೇ ನಿಂತಳು.